ಎಂಟು ಮಂದಿಯ ಎದುರು ಒಬ್ಬರೇ ನಿಂತ ನ್ಯಾಯಾಧೀಶ: ಜಾನ್ ಮಾರ್ಷಲ್ ಹಾರ್ಲನ್

ಅವರು ಹುಟ್ಟಿ ಬೆಳೆದ ಮನೆಯಲ್ಲಿ ಗುಲಾಮರಿದ್ದರು. ಯೌವನದಲ್ಲಿ ವಲಸಿಗರ ವಿರುದ್ಧ ಊರೂರು ಸುತ್ತಿ ಭಾಷಣ ಮಾಡಿದರು. ಗುಲಾಮಗಿರಿಯನ್ನು ರದ್ದು ಮಾಡುವ ಸಂವಿಧಾನ ತಿದ್ದುಪಡಿ ಬಂದಾಗ ಅದನ್ನು ಬಹಿರಂಗವಾಗಿ ವಿರೋಧಿಸಿದರು. ಇಷ್ಟು ಕೇಳಿದರೆ ಈ ಮನುಷ್ಯನ ಬಗ್ಗೆ ಇನ್ನೇನು ತಿಳಿಯಲಿಕ್ಕಿದೆ ಅಂತ ಯಾರಿಗಾದರೂ ಅನ್ನಿಸಬಹುದು. ಆದರೆ ಇದೇ ಮನುಷ್ಯ ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸುಮಾರು 34 ವರ್ಷ ಕೂತರು. ಕಪ್ಪು ಜನರ ಹಕ್ಕುಗಳನ್ನು ಆ ಕೋರ್ಟು ಒಂದೊಂದಾಗಿ ಕಿತ್ತುಹಾಕುತ್ತಿದ್ದಾಗ, ಇದು ತಪ್ಪು ಎಂದು ತೀರ್ಪಿನ ಪುಸ್ತಕದಲ್ಲಿ ಬರೆದಿಟ್ಟವರು ಹಲವು ಸಲ ಅವರೊಬ್ಬರೇ.

ಅವರ ಹೆಸರು ಜಾನ್ ಮಾರ್ಷಲ್ ಹಾರ್ಲನ್. ವಕೀಲ, ರಾಜಕಾರಣಿ, ಸೈನ್ಯದ ಕರ್ನಲ್, ಕೊನೆಗೆ ನ್ಯಾಯಾಧೀಶ. ಕಾನೂನು ಓದುವ ನಮ್ಮ ಯುವಕ ಯುವತಿಯರು ಈ ಹೆಸರನ್ನು ಎಲ್ಲಾದರೂ ಒಂದು ಕಡೆ ಕೇಳಿರುತ್ತಾರೆ. ಆದರೆ ಅವರ ಬದುಕಿನ ಮೊದಲ ಅರ್ಧವನ್ನು ಹೇಳುವವರು ಕಡಿಮೆ. ಆ ಅರ್ಧ ಗೊತ್ತಿಲ್ಲದಿದ್ದರೆ ಎರಡನೇ ಅರ್ಧದ ಬೆಲೆ ಗೊತ್ತಾಗುವುದಿಲ್ಲ.

ಕೆಂಟಕಿಯ ಮನೆ

ಹಾರ್ಲನ್ ಹುಟ್ಟಿದ್ದು 1833ರ ಜೂನ್ 1ರಂದು, ಕೆಂಟಕಿ ರಾಜ್ಯದ ಡ್ಯಾನ್‌ವಿಲ್ ಊರಿನ ಬಳಿ. ಕೆಂಟಕಿ ಅಂದರೆ ಉತ್ತರಕ್ಕೂ ದಕ್ಷಿಣಕ್ಕೂ ಗಡಿಯಂತಿದ್ದ ರಾಜ್ಯ. ಓಹಿಯೋ ನದಿ ದಾಟಿದರೆ ಗುಲಾಮಗಿರಿ ಇಲ್ಲದ ನಾಡು, ಈಚೆ ದಡದಲ್ಲಿ ಗುಲಾಮಗಿರಿ. ತಂದೆ ಜೇಮ್ಸ್ ಹಾರ್ಲನ್ ಹೆಸರಾಂತ ವಕೀಲರು. ಎರಡು ಅವಧಿಗೆ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿದ್ದವರು, ರಾಜ್ಯದ ಅಟಾರ್ನಿ ಜನರಲ್ ಆಗಿದ್ದವರು. ಮಗನಿಗೆ ಅಮೆರಿಕದ ಪ್ರಸಿದ್ಧ ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ ಅವರ ಹೆಸರನ್ನೇ ಇಟ್ಟರು. ಹುಟ್ಟಿದಾಗಲೇ ಮಗು ಏನಾಗಬೇಕು ಅಂತ ತೀರ್ಮಾನವಾಗಿತ್ತು ಅನ್ನಿ.

ಆ ಮನೆಯಲ್ಲಿ ಗುಲಾಮರಿದ್ದರು. ತಂದೆ ಗುಲಾಮರನ್ನು ಇಟ್ಟುಕೊಂಡಿದ್ದರೂ ಗುಲಾಮರ ಮೇಲಿನ ಕ್ರೌರ್ಯವನ್ನು ಸಹಿಸುತ್ತಿರಲಿಲ್ಲವಂತೆ. ಒಂದು ದಿನ ಚರ್ಚಿಗೆ ಹೋಗುವ ದಾರಿಯಲ್ಲಿ, ಸಂಕೋಲೆ ಹಾಕಿದ ಗುಲಾಮರ ಗುಂಪನ್ನು ಚಾಟಿ ಹಿಡಿದು ಅಟ್ಟಿಕೊಂಡು ಹೋಗುತ್ತಿದ್ದವನನ್ನು ಕಂಡು, ನಡು ಬೀದಿಯಲ್ಲೇ ಬೆರಳು ತೋರಿಸಿ ಬೈದರು. ಆ ದೃಶ್ಯ ಮಗನ ಮನಸ್ಸಿನಲ್ಲಿ ಕೊನೆಯವರೆಗೂ ಉಳಿಯಿತು. ಹಾಗಂತ ತಂದೆ ಮನೆಗೆ ಬಂದು ತನ್ನ ಗುಲಾಮರನ್ನು ಬಿಡುಗಡೆ ಮಾಡಲಿಲ್ಲ. ಪಕ್ಕದವನ ಚಾಟಿ ಕಂಡು ಸಿಟ್ಟು ಬರುತ್ತದೆ, ತನ್ನ ಮನೆಯ ಬೀಗದ ಕೈ ಕಾಣುವುದಿಲ್ಲ. ಆ ಕಾಲದ ಬಹಳಷ್ಟು ಮರ್ಯಾದಸ್ಥರು ಹೀಗೆಯೇ ಇದ್ದರು.

ಅದೇ ಮನೆಯಲ್ಲಿ ರಾಬರ್ಟ್ ಹಾರ್ಲನ್ ಎಂಬ ಮಿಶ್ರ ವರ್ಣದ ಯುವಕನೂ ಬೆಳೆದರು. ಹುಟ್ಟಿನಿಂದ ಗುಲಾಮ. ಆದರೆ ಜೇಮ್ಸ್ ಹಾರ್ಲನ್ ಅವರ ಮನೆಯಲ್ಲಿ ಓದು ಬರಹ ಕಲಿಯಲು ಅವಕಾಶ ಸಿಕ್ಕಿತು. 1848ರಲ್ಲಿ ಕಾನೂನು ಪ್ರಕಾರ ಬಿಡುಗಡೆಯಾಯಿತು. ಕ್ಯಾಲಿಫೋರ್ನಿಯಾದ ಚಿನ್ನದ ಹುಡುಕಾಟದ ದಿನಗಳಲ್ಲಿ ಹಣ ಮಾಡಿ, ಸಿನ್ಸಿನಾಟಿಯಲ್ಲಿ ನೆಲೆಸಿ, ಕುದುರೆ ಪಂದ್ಯದಲ್ಲಿ ಹೆಸರು ಗಳಿಸಿ, ಮುಂದೆ ಓಹಿಯೋ ಶಾಸನಸಭೆಗೂ ಆಯ್ಕೆಯಾದರು. ಇವರು ಜೇಮ್ಸ್ ಅವರ ಮಗನೇ, ಅಂದರೆ ಜಾನ್ ಅವರ ಅಣ್ಣನೇ ಎಂಬ ಬಗ್ಗೆ ಇತಿಹಾಸಕಾರರ ನಡುವೆ ಇಂದಿಗೂ ಚರ್ಚೆಯಿದೆ. ರಕ್ತ ಸಂಬಂಧ ಇರಲಿ ಇಲ್ಲದಿರಲಿ, ಕಪ್ಪು ಬಣ್ಣದವನು ಬುದ್ಧಿಯಲ್ಲಿ ಕಡಿಮೆ ಎಂಬ ಆ ಕಾಲದ ಮಾತು ಸುಳ್ಳು ಅಂತ ತಿಳಿಯಲು ಹಾರ್ಲನ್ ಕುಟುಂಬಕ್ಕೆ ಪುಸ್ತಕ ಬೇಕಿರಲಿಲ್ಲ, ರಾಬರ್ಟ್ ಕಣ್ಣೆದುರೇ ಇದ್ದರು.

ವಕೀಲಿಕೆ ಮತ್ತು ತಪ್ಪು ದಾರಿಯ ರಾಜಕೀಯ

ಡ್ಯಾನ್‌ವಿಲ್‌ನ ಸೆಂಟರ್ ಕಾಲೇಜು, ಆಮೇಲೆ ಟ್ರಾನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು. 1853ರಲ್ಲಿ ವಕೀಲರಾದರು. ಆರಡಿಗೂ ಮಿಕ್ಕಿದ ಎತ್ತರ, ಗಟ್ಟಿ ಗಂಟಲು, ಸಭೆಯಲ್ಲಿ ನಿಂತರೆ ಜನ ಕೇಳುತ್ತಿದ್ದರು. ಅವರ ತಂದೆಯ ಪಕ್ಷವಾದ ವಿಗ್ ಪಕ್ಷ ಆಗ ಒಡೆದು ಚೂರಾಗುತ್ತಿತ್ತು. ಯುವಕ ಹಾರ್ಲನ್ ನೋ ನಥಿಂಗ್ ಎಂಬ ಹೆಸರಿನ ಪಕ್ಷ ಸೇರಿದರು.

ಈ ಪಕ್ಷದ ಬಂಡವಾಳವೇ ದ್ವೇಷ. ಐರ್ಲೆಂಡ್, ಜರ್ಮನಿಗಳಿಂದ ಬರುತ್ತಿದ್ದ ವಲಸಿಗರು, ಅದರಲ್ಲೂ ಕ್ಯಾಥೊಲಿಕರು ದೇಶಕ್ಕೆ ಅಪಾಯ, ಇವರ ನಿಷ್ಠೆ ಬೇರೆ ಕಡೆಗೆ, ಇವರಿಗೆ ಅಧಿಕಾರ ಕೊಡಬಾರದು ಅಂತ ಪ್ರಚಾರ. ಸದಸ್ಯರಾಗುವವರು ರಹಸ್ಯವಾಗಿ ಪ್ರಮಾಣ ಮಾಡಬೇಕಿತ್ತು. 1855ರ ಆಗಸ್ಟಿನಲ್ಲಿ ಕೆಂಟಕಿಯ ಲೂಯಿವಿಲ್ ನಗರದಲ್ಲಿ ಚುನಾವಣೆಯ ದಿನ ಗಲಭೆಯೆದ್ದು, ವಲಸಿಗರ ಬೀದಿಗಳಿಗೆ ಬೆಂಕಿ ಬಿದ್ದು, ಕನಿಷ್ಠ 22 ಜನ ಸತ್ತರು. ಅದೇ ವರ್ಷ ಹಾರ್ಲನ್ ಆ ಪಕ್ಷಕ್ಕಾಗಿ ರಾಜ್ಯ ಸುತ್ತಿ ಭಾಷಣ ಮಾಡುತ್ತಿದ್ದರು. ಆ ಪ್ರಮಾಣ ಮಾಡುವಾಗ ಒಳಗೊಳಗೆ ಅಳುಕಿತ್ತು ಎಂದು ಮುದಿ ವಯಸ್ಸಿನಲ್ಲಿ ಬರೆದುಕೊಂಡಿದ್ದಾರೆ. ಅಳುಕಿದ್ದರೂ ಪ್ರಮಾಣ ಮಾಡಿದರು. ಊರಿನ ದೊಡ್ಡವರೆಲ್ಲ ಒಳಗಿದ್ದಾಗ ಹೊರಗೆ ನಡೆಯುವ ಧೈರ್ಯ 22 ವರ್ಷದ ಆ ಹುಡುಗನಿಗಿರಲಿಲ್ಲ.

1856ರಲ್ಲಿ ಮಾಲ್ವಿನಾ ಶಾಂಕ್ಲಿನ್ ಅವರನ್ನು ಮದುವೆಯಾದರು. ಮಾಲ್ವಿನಾ ನದಿಯ ಆಚೆ ದಡದ ಇಂಡಿಯಾನಾದವರು, ಗುಲಾಮಗಿರಿಯನ್ನು ಒಪ್ಪದ ಮನೆತನದವರು. ಈ ಹೆಣ್ಣುಮಗಳ ಹೆಸರು ನೆನಪಿಡಿ, ಮುಂದೆ ಬರುತ್ತದೆ. 1858ರಲ್ಲಿ ಹಾರ್ಲನ್ ಫ್ರಾಂಕ್ಲಿನ್ ಕೌಂಟಿಯ ನ್ಯಾಯಾಧೀಶರಾದರು. ಮರುವರ್ಷ ಸಂಸತ್ತಿಗೆ ಸ್ಪರ್ಧಿಸಿ ಕೂದಲೆಳೆಯಲ್ಲಿ ಸೋತರು.

ಯುದ್ಧ

1861ರಲ್ಲಿ ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟು ಹೊರಟವು. ಅಂತರ್ಯುದ್ಧ ಶುರು. ಕೆಂಟಕಿ ಯಾವ ಕಡೆ ಹೋಗುತ್ತದೆ ಅಂತ ಇಡೀ ದೇಶ ನೋಡುತ್ತಿತ್ತು. ಅಣ್ಣ ಒಂದು ಸೈನ್ಯದಲ್ಲಿ, ತಮ್ಮ ಇನ್ನೊಂದರಲ್ಲಿ ಎಂಬ ಸ್ಥಿತಿ. ಹಾರ್ಲನ್ ಒಕ್ಕೂಟದ ಕಡೆ ನಿಂತರು. ಸುಮ್ಮನೆ ನಿಲ್ಲಲಿಲ್ಲ, ಊರೂರಿಗೆ ಹೋಗಿ ಜನರನ್ನು ಸೇರಿಸಿ 10ನೇ ಕೆಂಟಕಿ ಪದಾತಿ ದಳವನ್ನು ಕಟ್ಟಿ, ಅದರ ಕರ್ನಲ್ ಆದರು. 28 ವರ್ಷ, ಸೈನ್ಯದ ತರಬೇತಿ ಇಲ್ಲ.

1862ರ ಡಿಸೆಂಬರಿನಲ್ಲಿ ದಕ್ಷಿಣದ ಕಡೆಯ ಪ್ರಖ್ಯಾತ ಅಶ್ವದಳ ನಾಯಕ ಜಾನ್ ಹಂಟ್ ಮಾರ್ಗನ್ ಕೆಂಟಕಿಗೆ ನುಗ್ಗಿ ರೈಲು ಸೇತುವೆಗಳನ್ನು ಸುಡುತ್ತಾ ಬಂದ. ರೋಲಿಂಗ್ ಫೋರ್ಕ್ ನದಿಯ ಬಳಿ ಹಾರ್ಲನ್ ಅವರ ಪಡೆ ಅವನನ್ನು ಹಿಡಿದು ಕಾದಾಡಿ ಸೇತುವೆಯನ್ನು ಉಳಿಸಿತು. ಸೈನಿಕ ಜೀವನದಲ್ಲಿ ಅವರಿಗೆ ಹೆಸರು ತಂದ ಕಾಳಗ ಇದೇ.

ಆದರೆ ಇಲ್ಲೊಂದು ವಿಷಯ ಗಮನಿಸಬೇಕು. ಹಾರ್ಲನ್ ಹೋರಾಡಿದ್ದು ದೇಶ ಒಡೆಯಬಾರದು ಅಂತ. ಗುಲಾಮರಿಗೆ ಬಿಡುಗಡೆ ಸಿಗಲಿ ಅಂತ ಅಲ್ಲ. ಲಿಂಕನ್ ವಿಮೋಚನೆಯ ಘೋಷಣೆ ಹೊರಡಿಸಿದಾಗ ಅದನ್ನು ಅವರು ಒಪ್ಪಲಿಲ್ಲ. 1863ರ ಆರಂಭದಲ್ಲಿ ತಂದೆ ತೀರಿಕೊಂಡರು. ಮನೆಯ ಭಾರ ಹೊರಬೇಕಾಗಿ ಬಂತೆಂದು ಸೈನ್ಯಕ್ಕೆ ರಾಜೀನಾಮೆ ಕೊಟ್ಟು ಬಂದರು. ಅದೇ ವರ್ಷ ಕೆಂಟಕಿಯ ಅಟಾರ್ನಿ ಜನರಲ್ ಆಗಿ ಆಯ್ಕೆಯಾದರು. 1864ರ ಚುನಾವಣೆಯಲ್ಲಿ ಲಿಂಕನ್ ವಿರುದ್ಧ ಪ್ರಚಾರ ಮಾಡಿದರು. ಗುಲಾಮಗಿರಿಯನ್ನು ರದ್ದು ಮಾಡುವ 13ನೇ ತಿದ್ದುಪಡಿಯನ್ನು ವಿರೋಧಿಸಿದರು. 1865ರ ಡಿಸೆಂಬರಿನಲ್ಲಿ ಆ ತಿದ್ದುಪಡಿ ಜಾರಿಗೆ ಬಂದು ಕಾನೂನೇ ಬಿಡಿಸುವವರೆಗೆ ಅವರ ಮನೆಯಲ್ಲಿ ಗುಲಾಮರಿದ್ದರು.

ಮನಸ್ಸು ಬದಲಾದದ್ದು

ಯುದ್ಧ ಮುಗಿಯಿತು, ಕೆಂಟಕಿಯಲ್ಲಿ ಶಾಂತಿ ಬರಲಿಲ್ಲ. ಬಿಡುಗಡೆಯಾದ ಕಪ್ಪು ಜನರ ಮನೆಗಳ ಮೇಲೆ ರಾತ್ರಿ ದಾಳಿ, ಚಾಟಿಯೇಟು, ಕೊಲೆ. ಕು ಕ್ಲಕ್ಸ್ ಕ್ಲಾನ್‌ನಂಥ ಮುಸುಕುಧಾರಿ ಗುಂಪುಗಳು ಹಳ್ಳಿಹಳ್ಳಿಗಳಲ್ಲಿ ತಿರುಗುತ್ತಿದ್ದವು. ರಾಜ್ಯದ ಅಧಿಕಾರ ಹಿಡಿದಿದ್ದ ಡೆಮಾಕ್ರಟಿಕ್ ಪಕ್ಷ ಕಣ್ಣು ಮುಚ್ಚಿಕೊಂಡಿತ್ತು. ಕೆಂಟಕಿಯ ಕೋರ್ಟುಗಳಲ್ಲಿ ಬಿಳಿಯನ ವಿರುದ್ಧ ಕಪ್ಪು ಮನುಷ್ಯ ಸಾಕ್ಷಿ ಹೇಳುವ ಹಾಗೂ ಇರಲಿಲ್ಲ. ಕಣ್ಣೆದುರೇ ಕೊಲೆ ನಡೆದರೂ ಕೋರ್ಟಿಗೆ ಅವನ ಮಾತು ಮಾತಲ್ಲ.

ಹಾರ್ಲನ್ ಅವರ ಹಳೆಯ ಮಧ್ಯಮ ಮಾರ್ಗದ ಪಕ್ಷಗಳೆಲ್ಲ ಅಳಿದಿದ್ದವು. ಒಂದೋ ಡೆಮಾಕ್ರಟಿಕ್, ಇಲ್ಲವೇ ಲಿಂಕನ್ ಅವರ ರಿಪಬ್ಲಿಕನ್. 1868ರಲ್ಲಿ ಅವರು ರಿಪಬ್ಲಿಕನ್ ಪಕ್ಷ ಸೇರಿದರು. ವಕೀಲಿಕೆಯ ಜೊತೆಗಾರ ಬೆಂಜಮಿನ್ ಬ್ರಿಸ್ಟೋ ಕ್ಲಾನ್ ಗುಂಪುಗಳ ವಿರುದ್ಧ ಸರಕಾರದ ಪರವಾಗಿ ಮೊಕದ್ದಮೆ ನಡೆಸಿದ್ದವರು. ಅವರ ಪ್ರಭಾವವೂ ಇತ್ತು.

1871ರಲ್ಲಿ ಹಾರ್ಲನ್ ರಾಜ್ಯಪಾಲ ಹುದ್ದೆಗೆ ಸ್ಪರ್ಧಿಸಿದರು. ಅಮೆರಿಕದಲ್ಲಿ ರಾಜ್ಯಪಾಲ ಅಂದರೆ ಜನ ಆರಿಸುವ ರಾಜ್ಯದ ಮುಖ್ಯಸ್ಥ. ಎದುರಾಳಿಗಳು ಅವರ ಹಳೆಯ ಭಾಷಣಗಳನ್ನು ಹುಡುಕಿ ತೆಗೆದು ಸಭೆಗಳಲ್ಲಿ ಓದಿದರು. ನಿನ್ನೆ ಹೀಗೆ ಹೇಳಿದವ ಇವತ್ತು ಹಾಗೆ ಹೇಳುತ್ತಾನೆ ನೋಡಿ ಅಂತ ಗೇಲಿ. ರಾಜಕಾರಣಿಗಳು ಇಂಥ ಸಮಯದಲ್ಲಿ ಏನು ಮಾಡುತ್ತಾರೆ? ನಾನು ಹಾಗೆ ಹೇಳಿಲ್ಲ, ತಿರುಚಿದ್ದಾರೆ ಅನ್ನುತ್ತಾರೆ. ಹಾರ್ಲನ್ ಹಾಗೆ ಮಾಡಲಿಲ್ಲ. ಹೌದು, ಹೇಳಿದ್ದೆ, ತಪ್ಪಿತ್ತು, ಈಗ ತಿಳಿಯಿತು, ಒಂದೇ ಮಾತಿಗೆ ಅಂಟಿಕೊಂಡವನು ಅನ್ನಿಸಿಕೊಳ್ಳುವುದಕ್ಕಿಂತ ಸರಿಯಾದ ಕಡೆ ಇರುವುದೇ ಮೇಲು ಎಂಬರ್ಥದಲ್ಲಿ ಜನರೆದುರೇ ಒಪ್ಪಿಕೊಂಡರು. ಜನ ಮತ ಕೊಡಲಿಲ್ಲ. ಆ ಸಲವೂ ಸೋತರು, 1875ರಲ್ಲೂ ಸೋತರು.

ಇದು ಅವಕಾಶವಾದ ಅಂತ ಅಂದವರೂ ಇದ್ದರು. ಆ ಅನುಮಾನಕ್ಕೆ ಕಾರಣವೂ ಇತ್ತು. 1876ರ ರಿಪಬ್ಲಿಕನ್ ಸಮಾವೇಶದಲ್ಲಿ ಕೆಂಟಕಿಯ ಪ್ರತಿನಿಧಿಗಳನ್ನು ರದರ್‌ಫರ್ಡ್ ಹೇಯ್ಸ್ ಅವರ ಕಡೆ ತಿರುಗಿಸಿದವರು ಹಾರ್ಲನ್. ಹೇಯ್ಸ್ ಅಧ್ಯಕ್ಷರಾದರು, ಮರುವರ್ಷ ಹಾರ್ಲನ್ ಅವರನ್ನು ಸುಪ್ರೀಂ ಕೋರ್ಟಿಗೆ ಹೆಸರಿಸಿದರು. ಗುಲಾಮರನ್ನು ಇಟ್ಟುಕೊಂಡಿದ್ದವನು ನಿಜವಾಗಿ ಬದಲಾಗಿದ್ದಾನಾ ಅಂತ ಸ್ವಂತ ಪಕ್ಷದವರೇ ಅನುಮಾನಪಟ್ಟರು. ಕೊನೆಗೆ ಸೆನೆಟ್ ಒಪ್ಪಿತು. 1877ರ ಡಿಸೆಂಬರ್ 10ರಂದು, 44ನೇ ವಯಸ್ಸಿನಲ್ಲಿ, ಹಾರ್ಲನ್ ಪ್ರಮಾಣವಚನ ಸ್ವೀಕರಿಸಿದರು. ಅಲ್ಲಿನ ಸುಪ್ರೀಂ ಕೋರ್ಟಿನ ಹುದ್ದೆಗೆ ನಿವೃತ್ತಿ ವಯಸ್ಸಿಲ್ಲ. ಇನ್ನು ಯಾರ ಮತವೂ ಬೇಕಾಗಿರಲಿಲ್ಲ, ಯಾರನ್ನೂ ಮೆಚ್ಚಿಸಬೇಕಾಗಿರಲಿಲ್ಲ. ಬದಲಾದದ್ದು ನಿಜವೇ ನಾಟಕವೇ ಅಂತ ಗೊತ್ತಾಗಬೇಕಾದದ್ದು ಇನ್ನು ಮುಂದೆಯೇ.

ಮಾಲ್ವಿನಾ ಇಟ್ಟ ಮಸಿಕುಡಿಕೆ

ಯುದ್ಧದ ನಂತರ ಅಮೆರಿಕದ ಸಂವಿಧಾನಕ್ಕೆ ಮೂರು ತಿದ್ದುಪಡಿಗಳಾದವು. 1865ರ 13ನೆಯದು ಗುಲಾಮಗಿರಿಯನ್ನು ಕಿತ್ತುಹಾಕಿತು. 1868ರ 14ನೆಯದು ಎಲ್ಲರಿಗೂ ಪೌರತ್ವ ಮತ್ತು ಸಮಾನ ರಕ್ಷಣೆ ಕೊಟ್ಟಿತು. 1870ರ 15ನೆಯದು ಬಣ್ಣ ನೋಡಿ ಮತದ ಹಕ್ಕು ಕಿತ್ತುಕೊಳ್ಳಬಾರದು ಅಂದಿತು. 1875ರಲ್ಲಿ ಸಂಸತ್ತು ಇನ್ನೊಂದು ಕಾನೂನು ಮಾಡಿತು. ಹೋಟೆಲು, ರೈಲು, ನಾಟಕಶಾಲೆಗಳಲ್ಲಿ ಬಣ್ಣದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ.

ಈ ಕಾನೂನಿನ ಮೇಲಿನ ಐದು ಪ್ರಕರಣಗಳು ಒಟ್ಟಾಗಿ ಸುಪ್ರೀಂ ಕೋರ್ಟಿಗೆ ಬಂದವು. ಒಂದು ಕಡೆ ಹೋಟೆಲಿನಲ್ಲಿ ಜಾಗ ಕೊಟ್ಟಿರಲಿಲ್ಲ, ಇನ್ನೊಂದು ಕಡೆ ನಾಟಕಶಾಲೆಯ ಒಳಗೆ ಬಿಟ್ಟಿರಲಿಲ್ಲ, ಟೆನೆಸ್ಸಿಯಲ್ಲಿ ಒಬ್ಬ ಮಹಿಳೆಗೆ ರೈಲಿನ ಮಹಿಳಾ ಬೋಗಿಯಲ್ಲಿ ಕೂರಲು ಕೊಟ್ಟಿರಲಿಲ್ಲ. 1883ರ ಅಕ್ಟೋಬರ್ 15ರಂದು ತೀರ್ಪು ಬಂತು. ಎಂಟು ನ್ಯಾಯಾಧೀಶರು ಹೇಳಿದ್ದು ಇಷ್ಟು: 14ನೇ ತಿದ್ದುಪಡಿ ಸರಕಾರಗಳನ್ನು ಮಾತ್ರ ತಡೆಯುತ್ತದೆ, ಖಾಸಗಿ ಹೋಟೆಲಿನವನನ್ನು ಅಲ್ಲ. ಆದ್ದರಿಂದ ಕಾನೂನು ರದ್ದು. ತೀರ್ಪು ಬರೆದವರು ಜೋಸೆಫ್ ಬ್ರಾಡ್ಲಿ. ಒಪ್ಪದವರು ಹಾರ್ಲನ್ ಒಬ್ಬರೇ.

ಒಪ್ಪುವುದಿಲ್ಲ ಅಂತ ಹೇಳುವುದು ಸುಲಭ, ಯಾಕೆ ಅಂತ ಬರೆಯುವುದು ಕಷ್ಟ. ತೀರ್ಪಿನ ದಿನ ಅವರ ಭಿನ್ನಮತ ಸಿದ್ಧವಾಗಿರಲಿಲ್ಲ. ರಾತ್ರಿ ನಿದ್ದೆಗೆಟ್ಟು ಬರೆಯುತ್ತಿದ್ದರು, ಹರಿಯುತ್ತಿದ್ದರು, ಮತ್ತೆ ಬರೆಯುತ್ತಿದ್ದರು. ಮುಂದೆ ಹೋಗುತ್ತಲೇ ಇರಲಿಲ್ಲ. ಆಗ ನಡೆದದ್ದನ್ನು ಮಾಲ್ವಿನಾ ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ.

ಹಾರ್ಲನ್ ಅವರಿಗೆ ಹಳೆಯ ವಸ್ತುಗಳನ್ನು ಸಂಗ್ರಹಿಸುವ ಹವ್ಯಾಸ. ಅವರಲ್ಲಿ ಒಂದು ಹಳೆಯ ಮಸಿಕುಡಿಕೆ ಇತ್ತು. ಅದು ಹಿಂದಿನ ಮುಖ್ಯ ನ್ಯಾಯಾಧೀಶ ರೋಜರ್ ಟಾನಿ ಅವರದ್ದು. 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ, ಕಪ್ಪು ಜನರು ಅಮೆರಿಕದ ಪ್ರಜೆಗಳಾಗಲು ಸಾಧ್ಯವೇ ಇಲ್ಲ ಎಂದು ತೀರ್ಪು ಬರೆದ ಅದೇ ಟಾನಿ. ಆ ತೀರ್ಪು ಬರೆಯಲು ಬಳಸಿದ್ದು ಇದೇ ಕುಡಿಕೆ ಅಂತ ಹೇಳಲಾಗುತ್ತಿತ್ತು. ಟಾನಿ ಅವರ ಸಂಬಂಧಿಯೊಬ್ಬರು ಕೇಳಿದಾಗ ಕೊಡುತ್ತೇನೆ ಎಂದು ಹಾರ್ಲನ್ ಮಾತು ಕೊಟ್ಟುಬಿಟ್ಟಿದ್ದರು. ಮಾಲ್ವಿನಾಗೆ ಅದು ಇಷ್ಟವಿರಲಿಲ್ಲ, ಮೆಲ್ಲನೆ ಅಡಗಿಸಿಟ್ಟು, ಕಳೆದುಹೋಗಿದೆ ಅಂದಿದ್ದರು.

ಒಂದು ಭಾನುವಾರ ಗಂಡ ಚರ್ಚಿಗೆ ಹೋದ ಹೊತ್ತಿಗೆ ಮಾಲ್ವಿನಾ ಕುಡಿಕೆಯನ್ನು ಹೊರತೆಗೆದು ತೊಳೆದು ಉಜ್ಜಿ, ಮಸಿ ತುಂಬಿಸಿ, ಮೇಜಿನ ಮೇಲಿದ್ದ ಬೇರೆ ಕುಡಿಕೆಗಳನ್ನೆಲ್ಲ ತೆಗೆದು, ಅದೊಂದನ್ನೇ ಇಟ್ಟರು. ಹಾರ್ಲನ್ ಬಂದು ನೋಡಿದರು. ಒಂದು ಜನಾಂಗವನ್ನು ಮನುಷ್ಯರ ಪಟ್ಟಿಯಿಂದಲೇ ಹೊರಹಾಕಿದ ಮಸಿಯ ಕುಡಿಕೆ, ಈಗ ಅದೇ ಜನರ ಪರವಾಗಿ ಬರೆಯಲು ತನ್ನ ಮುಂದಿದೆ. ಆಮೇಲೆ ಲೇಖನಿ ನಿಲ್ಲಲಿಲ್ಲ.

ಅವರ ವಾದ ಸರಳ ಮತ್ತು ಹರಿತ. ರೈಲು, ಹೋಟೆಲು, ನಾಟಕಶಾಲೆ ಇವೆಲ್ಲ ಸುಮ್ಮನೆ ಖಾಸಗಿ ಮನೆಗಳಲ್ಲ. ಸರಕಾರದ ಪರವಾನಗಿಯಿಂದ, ಸಾರ್ವಜನಿಕರಿಗಾಗಿ ನಡೆಯುವಂಥವು. ಅಲ್ಲಿಂದ ಬಣ್ಣದ ಕಾರಣಕ್ಕೆ ಹೊರದಬ್ಬುವುದು ಗುಲಾಮಗಿರಿಯ ಉಳಿದ ಗುರುತು. ಗುಲಾಮಗಿರಿಯನ್ನು ತೆಗೆಯುವ ಅಧಿಕಾರ ಸಂಸತ್ತಿಗೆ ಇದ್ದರೆ ಆ ಗುರುತುಗಳನ್ನು ಒರೆಸುವ ಅಧಿಕಾರವೂ ಇದೆ. ಇನ್ನೊಂದು ಏಟು ಕೊಟ್ಟರು. ಯುದ್ಧಕ್ಕೆ ಮುಂಚೆ, ಓಡಿಹೋದ ಗುಲಾಮರನ್ನು ಹಿಡಿದು ಒಡೆಯನಿಗೆ ಒಪ್ಪಿಸಲು ಸಂಸತ್ತು ಕಾನೂನು ಮಾಡಿದಾಗ ಇದೇ ಕೋರ್ಟು ಅದನ್ನು ಎತ್ತಿಹಿಡಿದಿತ್ತು. ಒಡೆಯನ ಹಕ್ಕು ಕಾಯಲು ಸಂಸತ್ತಿಗೆ ಕೈ ಉದ್ದ, ಬಿಡುಗಡೆಯಾದವನ ಹಕ್ಕು ಕಾಯಲು ಕೈ ಗಿಡ್ಡ, ಇದು ಯಾವ ನ್ಯಾಯ?

ಉತ್ತರ ಯಾರೂ ಕೊಡಲಿಲ್ಲ. ಎಂಟು ಮತಗಳಿದ್ದವರಿಗೆ ಉತ್ತರ ಕೊಡಬೇಕಾದ ಅಗತ್ಯವೂ ಇರಲಿಲ್ಲ. ಹಿಂದೆ ಗುಲಾಮನಾಗಿದ್ದು ಆ ಕಾಲದ ದೊಡ್ಡ ಕಪ್ಪು ನಾಯಕನಾಗಿ ಬೆಳೆದ ಫ್ರೆಡರಿಕ್ ಡಗ್ಲಸ್ ಅವರು ಹಾರ್ಲನ್ ಅವರನ್ನು ಮನಸಾರೆ ಹೊಗಳಿದರು.

ರೈಲಿನ ಬೋಗಿ

1890ರಲ್ಲಿ ಲೂಯಿಸಿಯಾನಾ ರಾಜ್ಯ ಒಂದು ಕಾನೂನು ಮಾಡಿತು. ರೈಲಿನಲ್ಲಿ ಬಿಳಿಯರಿಗೆ ಬೇರೆ ಬೋಗಿ, ಕಪ್ಪು ಜನರಿಗೆ ಬೇರೆ ಬೋಗಿ. ನ್ಯೂ ಓರ್ಲಿಯನ್ಸ್‌ನ ಕೆಲವು ನಾಗರಿಕರು ಸಮಿತಿ ಕಟ್ಟಿ, ಹಣ ಕೂಡಿಸಿ, ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಯೋಜನೆ ಹಾಕಿದರು. ಹೋಮರ್ ಪ್ಲೆಸ್ಸಿ ಎಂಬ ಯುವಕ ಮುಂದೆ ಬಂದರು. ಅವರ ಎಂಟು ಮಂದಿ ಮುತ್ತಜ್ಜ ಮುತ್ತಜ್ಜಿಯರಲ್ಲಿ ಏಳು ಮಂದಿ ಬಿಳಿಯರು. ನೋಡಿದರೆ ಗೊತ್ತೇ ಆಗುತ್ತಿರಲಿಲ್ಲ. 1892ರ ಜೂನ್ 7ರಂದು ಮೊದಲ ದರ್ಜೆಯ ಟಿಕೆಟು ತೆಗೆದುಕೊಂಡು ಬಿಳಿಯರ ಬೋಗಿಯಲ್ಲಿ ಕೂತು, ತಾನು ಯಾರು ಅಂತ ಹೇಳಿ, ಏಳಲು ನಿರಾಕರಿಸಿ ಬಂಧನಕ್ಕೊಳಗಾದರು. ಅವರ ಪರ ವಾದಿಸಿದ ಆಲ್ಬಿಯಾನ್ ಟೂರ್ಜೀ ಕೂಡ ಅಂತರ್ಯುದ್ಧದಲ್ಲಿ ಒಕ್ಕೂಟದ ಪರ ಹೋರಾಡಿ ಗಾಯಗೊಂಡಿದ್ದ ವಕೀಲರು.

1896ರ ಮೇ 18ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಬೇರೆ ಬೇರೆ ಇಡುವುದು ತಪ್ಪಲ್ಲ, ಸೌಲಭ್ಯ ಸಮಾನವಾಗಿದ್ದರೆ ಸಾಕು, ಅದರಲ್ಲಿ ಅವಮಾನ ಕಂಡರೆ ಅದು ಕಪ್ಪು ಜನರ ಮನಸ್ಸಿನಲ್ಲಿ ಇರುವುದು ಎಂಬುದು ಬಹುಮತದ ಅಭಿಪ್ರಾಯ. ಒಬ್ಬ ನ್ಯಾಯಾಧೀಶರು ವಿಚಾರಣೆಯಲ್ಲಿ ಇರಲಿಲ್ಲ. ಏಳು ಮಂದಿ ಒಂದು ಕಡೆ, ಹಾರ್ಲನ್ ಇನ್ನೊಂದು ಕಡೆ.

ಹಾರ್ಲನ್ ನಾಟಕ ಬೇಡ ಅಂದರು. ಈ ಕಾನೂನು ಬಿಳಿಯರನ್ನು ಕಪ್ಪು ಬೋಗಿಯಿಂದ ದೂರ ಇಡಲು ಮಾಡಿದ್ದಲ್ಲ, ಕಪ್ಪು ಜನರನ್ನು ಬಿಳಿಯರ ಬೋಗಿಯಿಂದ ಹೊರಗಿಡಲು ಮಾಡಿದ್ದು, ಇದು ಎಲ್ಲರಿಗೂ ಗೊತ್ತು. ಸಂವಿಧಾನಕ್ಕೆ ಬಣ್ಣ ಕಾಣುವುದಿಲ್ಲ, ಕಾಣಬಾರದು. ಈ ದೇಶದಲ್ಲಿ ಪ್ರಜೆಗಳಲ್ಲಿ ಮೇಲಿನ ವರ್ಗ ಕೆಳಗಿನ ವರ್ಗ ಅಂತಿಲ್ಲ. ಎರಡೂ ಜನಾಂಗಗಳ ಹಣೆಬರಹ ಒಟ್ಟಿಗೇ ಹೆಣೆದುಕೊಂಡಿದೆ, ಕಾನೂನಿನ ಹೆಸರಲ್ಲಿ ದ್ವೇಷದ ಬೀಜ ಬಿತ್ತಬೇಡಿ. ಈ ತೀರ್ಪು ಮುಂದೊಂದು ದಿನ ಡ್ರೆಡ್ ಸ್ಕಾಟ್ ತೀರ್ಪಿನಷ್ಟೇ ಕೆಟ್ಟದ್ದೆಂದು ಸಾಬೀತಾಗುತ್ತದೆ ಎಂದೂ ಎಚ್ಚರಿಸಿದರು.

ಆ ದಿನ ಪತ್ರಿಕೆಗಳಲ್ಲಿ ಇದು ದೊಡ್ಡ ಸುದ್ದಿಯೂ ಆಗಲಿಲ್ಲ. ಪ್ಲೆಸ್ಸಿ 25 ಡಾಲರ್ ದಂಡ ಕಟ್ಟಿ ಮನೆಗೆ ಹೋದರು. ದಕ್ಷಿಣದ ರಾಜ್ಯಗಳು ರೈಲಿನಿಂದ ಶುರುಮಾಡಿ ಶಾಲೆ, ಆಸ್ಪತ್ರೆ, ನೀರಿನ ನಲ್ಲಿ, ಸ್ಮಶಾನದವರೆಗೆ ಎಲ್ಲವನ್ನೂ ಬಣ್ಣದ ಮೇಲೆ ಭಾಗ ಮಾಡಿದವು. ಸಮಾನ ಎಂಬ ಅರ್ಧ ಕಾಗದದಲ್ಲೇ ಉಳಿಯಿತು.

ಚಟ್ಟನೂಗಾದ ಆ ರಾತ್ರಿ

ಹಾರ್ಲನ್ ಬರೀ ಭಿನ್ನಮತ ಬರೆದು ಕೂತವರಲ್ಲ. 1906ರಲ್ಲಿ ಟೆನೆಸ್ಸಿಯ ಚಟ್ಟನೂಗಾ ಊರಿನಲ್ಲಿ ಎಡ್ ಜಾನ್ಸನ್ ಎಂಬ ಕಪ್ಪು ಯುವಕನಿಗೆ ಅತ್ಯಾಚಾರದ ಆರೋಪದಲ್ಲಿ ಅವಸರದ ವಿಚಾರಣೆ ನಡೆಸಿ ಮರಣದಂಡನೆ ವಿಧಿಸಿದ್ದರು. ಸಾಕ್ಷ್ಯ ದುರ್ಬಲ, ಹೊರಗೆ ರೊಚ್ಚಿಗೆದ್ದ ಗುಂಪು. ನೋವಾ ಪಾರ್ಡನ್ ಎಂಬ ಕಪ್ಪು ವಕೀಲರು ಪ್ರಾಣದ ಹಂಗು ತೊರೆದು ವಾಷಿಂಗ್ಟನ್‌ಗೆ ಹೋಗಿ ಹಾರ್ಲನ್ ಅವರನ್ನು ಕಂಡರು. ಆಗ ಹಾರ್ಲನ್ ಅವರಿಗೆ 72 ವರ್ಷ. ಕಾಗದಗಳನ್ನು ಓದಿ, ಸುಪ್ರೀಂ ಕೋರ್ಟು ಈ ಪ್ರಕರಣ ನೋಡುವವರೆಗೆ ಗಲ್ಲು ಶಿಕ್ಷೆ ನಿಲ್ಲುವಂತೆ ಮಾಡಿದರು. ಚಟ್ಟನೂಗಾಕ್ಕೆ ತಂತಿ ಹೋಯಿತು.

ಮಾರ್ಚ್ 19ರ ರಾತ್ರಿ ಗುಂಪು ಜೈಲಿಗೆ ನುಗ್ಗಿತು. ಕಾವಲು ಹೆಸರಿಗೆ ಮಾತ್ರ ಇತ್ತು. ಜಾನ್ಸನ್ ಅವರನ್ನು ಎಳೆದೊಯ್ದು ನದಿಯ ಮೇಲಿನ ಸೇತುವೆಗೆ ನೇತುಹಾಕಿ ಗುಂಡಿಟ್ಟು ಕೊಂದರು. ಸುಪ್ರೀಂ ಕೋರ್ಟಿನ ಆದೇಶಕ್ಕೆ ಬಂದ ಉತ್ತರ ಅದು.

ಈ ಸಲ ಹಾರ್ಲನ್ ಒಂಟಿಯಾಗಿರಲಿಲ್ಲ. ಇಡೀ ಕೋರ್ಟು ಎದ್ದು ನಿಂತಿತು. ಶೆರಿಫ್ ಜೋಸೆಫ್ ಶಿಪ್ ಮತ್ತು ಇತರರ ಮೇಲೆ ನ್ಯಾಯಾಂಗ ನಿಂದನೆಯ ಮೊಕದ್ದಮೆ ನಡೆಯಿತು. ಅಮೆರಿಕದ ಸುಪ್ರೀಂ ಕೋರ್ಟು ತಾನೇ ನಡೆಸಿದ ಏಕೈಕ ಕ್ರಿಮಿನಲ್ ವಿಚಾರಣೆ ಇದೇ. 1909ರಲ್ಲಿ ಶಿಪ್ ತಪ್ಪಿತಸ್ಥನಾದ. ಶಿಕ್ಷೆ 90 ದಿನ. ಒಂದು ಜೀವಕ್ಕೆ 90 ದಿನ ಏನೂ ಅಲ್ಲ. ಆದರೂ ಗುಂಪು ಕೊಂದದ್ದಕ್ಕೆ ಕಾವಲಿನವನು ಜೈಲಿಗೆ ಹೋಗುವುದು ಆ ಕಾಲದಲ್ಲಿ ಕೇಳಿದ್ದೇ ಇಲ್ಲ. ಜಾನ್ಸನ್ ಮೇಲಿನ ಆರೋಪದ ತೀರ್ಪನ್ನು ಅಲ್ಲಿನ ಕೋರ್ಟು 2000ನೇ ಇಸವಿಯಲ್ಲಿ ರದ್ದು ಮಾಡಿತು.

ಅವರ ಕುರುಡು ಜಾಗಗಳು

ಹಾರ್ಲನ್ ಅವರನ್ನು ಔಲಿಯಾಗಳ ಸಾಲಿನಲ್ಲಿ ಕೂರಿಸುವುದು ಬೇಡ. ಬಣ್ಣ ಕಾಣದ ಸಂವಿಧಾನದ ಬಗ್ಗೆ ಬರೆದ ಅದೇ 1896ರ ಭಿನ್ನಮತದಲ್ಲಿ, ಬಿಳಿಯರು ಮುಂದೆಯೂ ಮುಂಚೂಣಿಯಲ್ಲೇ ಇರುತ್ತಾರೆ ಎಂಬ ಮಾತಿದೆ, ಚೀನೀಯರ ಬಗ್ಗೆ ಕೀಳಾದ ಮಾತಿದೆ. 1898ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಚೀನೀ ಮೂಲದ ವಾಂಗ್ ಕಿಮ್ ಆರ್ಕ್ ಅಮೆರಿಕದ ಪ್ರಜೆಯೇ ಎಂಬ ಪ್ರಶ್ನೆ ಬಂತು. ಹೌದು ಎಂದು ಬಹುಮತ ಹೇಳಿತು. ಅಲ್ಲ ಎಂದ ಇಬ್ಬರಲ್ಲಿ ಹಾರ್ಲನ್ ಒಬ್ಬರು. ಮರುವರ್ಷ ಜಾರ್ಜಿಯಾದ ಒಂದು ಶಾಲಾ ಮಂಡಳಿ ಬಿಳಿಯರ ಹೈಸ್ಕೂಲಿಗೆ ಹಣ ಕೊಡುತ್ತಾ ಕಪ್ಪು ಮಕ್ಕಳ ಹೈಸ್ಕೂಲನ್ನು ಮುಚ್ಚಿದಾಗ, ಮಧ್ಯಪ್ರವೇಶ ಮಾಡುವುದಿಲ್ಲ ಎಂಬ ತೀರ್ಪನ್ನು ಬರೆದವರು ಬೇರೆ ಯಾರೂ ಅಲ್ಲ, ಹಾರ್ಲನ್ ಅವರೇ.

ಒಂದು ಅನ್ಯಾಯ ಕಂಡ ಕಣ್ಣಿಗೆ ಪಕ್ಕದ ಅನ್ಯಾಯ ಕಾಣದೆ ಹೋಗಬಹುದು. ರಾಬರ್ಟ್ ಹಾರ್ಲನ್ ಅವರಂಥವರ ಜೊತೆ ಬೆಳೆದವರಿಗೆ ಕಪ್ಪು ಮನುಷ್ಯ ಪರಿಚಿತ. ಚೀನೀ ಕೂಲಿಯವನು ಅವರ ಊಟದ ಮೇಜಿನ ಹತ್ತಿರ ಎಂದೂ ಬಂದಿರಲಿಲ್ಲ. ಇದು ಅವರ ತಪ್ಪಿಗೆ ಸಮರ್ಥನೆಯಲ್ಲ.

ಇನ್ನುಳಿದ ಕಡೆ ಅವರ ವಿರೋಧದ ದನಿ ಬೇರೆ ಬೇರೆ ವಿಷಯಗಳಲ್ಲಿ ಕೇಳುತ್ತಲೇ ಇತ್ತು. 1884ರಲ್ಲಿ ಬುಡಕಟ್ಟು ಬಿಟ್ಟು ಊರಲ್ಲಿ ನೆಲೆಸಿದ ಮೂಲನಿವಾಸಿ ಜಾನ್ ಎಲ್ಕ್ ಅವರಿಗೆ ಪೌರತ್ವ ಇಲ್ಲ ಎಂದು ಕೋರ್ಟು ಹೇಳಿದಾಗ ಹಾರ್ಲನ್ ವಿರೋಧಿಸಿದರು. 1895ರಲ್ಲಿ ಆದಾಯ ತೆರಿಗೆಯನ್ನು ಕೋರ್ಟು ರದ್ದು ಮಾಡಿದಾಗ, ಇದು ಶ್ರೀಮಂತರಿಗೆ ಮಾಡಿದ ಉಪಕಾರ ಎಂದು ಸಿಟ್ಟಾದರು. 1905ರಲ್ಲಿ ಬೇಕರಿ ಕೆಲಸಗಾರರನ್ನು ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ನ್ಯೂಯಾರ್ಕ್ ಕಾನೂನನ್ನು ಹೊಡೆದುಹಾಕಿದಾಗ, ಹಿಟ್ಟಿನ ಧೂಳು ಮತ್ತು ಒಲೆಯ ಬಿಸಿಯಲ್ಲಿ ಬೇಯುವವರ ಆರೋಗ್ಯದ ಲೆಕ್ಕ ಮುಂದಿಟ್ಟರು. 1908ರಲ್ಲಿ ತಮ್ಮದೇ ಕೆಂಟಕಿ ರಾಜ್ಯ, ಬಿಳಿ ಮತ್ತು ಕಪ್ಪು ವಿದ್ಯಾರ್ಥಿಗಳನ್ನು ಒಟ್ಟಿಗೆ ಕೂರಿಸಿ ಕಲಿಸುತ್ತಿದ್ದ ಬೆರಿಯಾ ಕಾಲೇಜನ್ನು ಕಾನೂನು ಮಾಡಿ ತಡೆದಾಗ, ಅದನ್ನೂ ಒಪ್ಪಲಿಲ್ಲ.

ಇದರ ನಡುವೆ ಸುಮಾರು ಎರಡು ದಶಕ ವಾಷಿಂಗ್ಟನ್‌ನಲ್ಲಿ ಕಾನೂನು ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಚರ್ಚಿನಲ್ಲಿ ಭಾನುವಾರದ ತರಗತಿ ನಡೆಸಿದರು. ವಯಸ್ಸಾದ ಮೇಲೆ ಗಾಲ್ಫಿನ ಹುಚ್ಚು ಹಿಡಿಯಿತು. 1911ರ ಅಕ್ಟೋಬರ್ 14ರಂದು, 78ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯವರೆಗೂ ಹುದ್ದೆಯಲ್ಲೇ ಇದ್ದರು.

ಅವರ ನಂತರ

ಸಾಯುವಾಗ ಅವರ ದೊಡ್ಡ ಭಿನ್ನಮತಗಳಲ್ಲಿ ಯಾವುದೂ ಗೆದ್ದಿರಲಿಲ್ಲ. ಆದಾಯ ತೆರಿಗೆ ಅವರು ಸತ್ತು ಎರಡು ವರ್ಷದೊಳಗೆ, 1913ರಲ್ಲಿ, ಸಂವಿಧಾನ ತಿದ್ದುಪಡಿಯಿಂದ ಬಂತು. ಬಣ್ಣದ ಪ್ರಶ್ನೆಗೆ ಇನ್ನೂ ಬಹಳ ಕಾಲ ಬೇಕಾಯಿತು. ಶಾಲೆಗಳಲ್ಲಿನ ವರ್ಣಭೇದದ ವಿರುದ್ಧ ಕೋರ್ಟಿನಿಂದ ಕೋರ್ಟಿಗೆ ಹೋರಾಡುತ್ತಿದ್ದ ಕಪ್ಪು ವಕೀಲ ಥರ್‌ಗುಡ್ ಮಾರ್ಷಲ್, ಮನಸ್ಸು ಕುಗ್ಗಿದಾಗ ಹಾರ್ಲನ್ ಅವರ 1896ರ ಭಿನ್ನಮತವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು ಎಂದು ಅವರ ಜೊತೆಗಾರರು ನೆನಪಿಸಿಕೊಂಡಿದ್ದಾರೆ. 1954ರ ಮೇ 17ರಂದು ಬ್ರೌನ್ ಪ್ರಕರಣದಲ್ಲಿ, ಶಾಲೆಯಲ್ಲಿ ಮಕ್ಕಳನ್ನು ಬಣ್ಣ ನೋಡಿ ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಒಂಬತ್ತು ನ್ಯಾಯಾಧೀಶರೂ ಒಮ್ಮತದಿಂದ ಹೇಳಿದರು. ಹಾರ್ಲನ್ ಬರೆದು 58 ವರ್ಷವಾಗಿತ್ತು. ಮರುವರ್ಷ ಅದೇ ಕೋರ್ಟಿಗೆ ಅವರ ಮೊಮ್ಮಗ ನ್ಯಾಯಾಧೀಶರಾಗಿ ಬಂದರು, ಹೆಸರೂ ಜಾನ್ ಮಾರ್ಷಲ್ ಹಾರ್ಲನ್. 1964ರ ನಾಗರಿಕ ಹಕ್ಕು ಕಾನೂನು ಹೋಟೆಲು, ನಾಟಕಶಾಲೆಗಳ ಬಾಗಿಲನ್ನು ಮತ್ತೆ ತೆರೆಯಿತು, 1883ರಲ್ಲಿ ಮುಚ್ಚಿದ್ದ ಬಾಗಿಲು. 2022ರ ಜನವರಿಯಲ್ಲಿ ಲೂಯಿಸಿಯಾನಾದ ರಾಜ್ಯಪಾಲರು ಹೋಮರ್ ಪ್ಲೆಸ್ಸಿಗೆ ಮರಣೋತ್ತರ ಕ್ಷಮೆ ನೀಡಿ ಆ ಅಪರಾಧದ ದಾಖಲೆಯನ್ನು ಅಳಿಸಿದರು.

ನಮ್ಮಲ್ಲಿ ಕಾನೂನು ಓದಲು ಹೋಗುವ ಹುಡುಗ ಹುಡುಗಿಯರು ಈಗ ಮೊದಲಿಗಿಂತ ಜಾಸ್ತಿ. ಅವರಿಗೆ ಒಂದು ಮಾತು. ಗೆದ್ದ ತೀರ್ಪುಗಳನ್ನು ಎಲ್ಲರೂ ಓದುತ್ತಾರೆ. ಅದರ ಕೊನೆಯಲ್ಲಿ ಸೋತವರು ಬರೆದ ಪುಟಗಳೂ ಇರುತ್ತವೆ, ಅವನ್ನು ಬಿಡಬೇಡಿ. ಹಾರ್ಲನ್ ಬರೆದಾಗ ಅದರಿಂದ ಪ್ಲೆಸ್ಸಿಗೆ ಏನೂ ಸಿಗಲಿಲ್ಲ, ರೈಲಿನ ಬೋಗಿ ಬದಲಾಗಲಿಲ್ಲ. ಆದರೆ ಅರ್ಧ ಶತಮಾನದ ನಂತರ ಒಬ್ಬ ವಕೀಲರಿಗೆ ವಾದ ಮಾಡಲು ಏನಾದರೂ ಆಧಾರ ಬೇಕಾದಾಗ ಆ ಪುಟಗಳು ಅಲ್ಲೇ ಇದ್ದವು. ಹಳೆಯ ತಪ್ಪನ್ನು ಬಿಡಲು ನಾಚಿಕೆಪಡುವ ನಮ್ಮ ಹಿರಿಯರಿಗೂ, ಒಮ್ಮೆ ತಪ್ಪಿದವರನ್ನು ಎಂದೂ ನಂಬದ ನಮ್ಮ ಕಿರಿಯರಿಗೂ ಕೆಂಟಕಿಯ ಈ ಮನುಷ್ಯನ ಬದುಕು ಒಮ್ಮೆ ಕೂತು ಯೋಚಿಸಲು ಸಾಕಷ್ಟು ಕೊಡುತ್ತದೆ.